ಕಾರ್ಬನ್ ನ್ಯಾನೋಟ್ಯೂಬ್ ಹೆಚ್ಚಿಸಿದಷ್ಟೂ ಪಿಸಿಎಲ್ ನ್ಯಾನೋನಾರಿನ ಹಾಳೆ ದುರ್ಬಲವಾಗುತ್ತಿರುವುದೇಕೆ?

ಪ್ರಶ್ನೆ: ಸಂಶೋಧನಾ ವಿದ್ಯಾರ್ಥಿನಿ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ಪದಾರ್ಥ ವಿಜ್ಞಾನದಲ್ಲಿ ಸಂಶೋಧನೆ ನಡೆಸುತ್ತಿರುವ ನಾನು, ಗಾಯದ ಮೇಲೆ ಹೊದಿಸಬಹುದಾದ ತೆಳುವಾದ ಹಾಳೆಯೊಂದನ್ನು ಪಾಲಿಕ್ಯಾಪ್ರೋಲ್ಯಾಕ್ಟೋನ್ ಎಂಬ ಜೈವಿಕ ವಿಘಟನೀಯ ಪಾಲಿಮರ್‌ನ ನ್ಯಾನೋನಾರುಗಳಿಂದ ತಯಾರಿಸುವ ಪ್ರಯತ್ನದಲ್ಲಿದ್ದೇನೆ. ಪಿಸಿಎಲ್ ಎಂದು ಎಲ್ಲರೂ ಕರೆಯುವ ಈ ಪಾಲಿಮರ್ ದೇಹಕ್ಕೆ ಒಗ್ಗುವಂಥದ್ದು, ನಿಧಾನವಾಗಿ ವಿಘಟನೆಯಾಗುವಂಥದ್ದು. ಆದರೆ ಬಹಳ ಮೆದು. ಒದ್ದೆಯಾದ ಹಾಳೆಯನ್ನು ಇಕ್ಕಳದಿಂದ ಎತ್ತುವಾಗಲೇ ಅಂಚು ಹರಿಯುತ್ತದೆ. ಅದಕ್ಕೆ ಬಲ ಕೊಡಲೆಂದು ಬಹುಭಿತ್ತಿಯ ಕಾರ್ಬನ್ ನ್ಯಾನೋಟ್ಯೂಬ್‌ಗಳನ್ನು, ಅಂದರೆ ಒಂದರೊಳಗೊಂದು ಭಿತ್ತಿಗಳಿರುವ ಇಂಗಾಲದ ಅತಿ ಸಣ್ಣ ಕೊಳವೆಗಳನ್ನು, ಬೆರೆಸುತ್ತಿದ್ದೇನೆ.

ನಾನು ಅನುಸರಿಸಿದ ಕ್ರಮವನ್ನು ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ತಪ್ಪು ಎಲ್ಲಿದೆ ಎಂಬುದು ನನಗೇ ತಿಳಿಯುತ್ತಿಲ್ಲ. ಟ್ಯೂಬ್‌ಗಳ ವ್ಯಾಸ 10ರಿಂದ 20 ನ್ಯಾನೋಮೀಟರ್, ಉದ್ದ 10ರಿಂದ 30 ಮೈಕ್ರೋಮೀಟರ್ ಎಂದು ಡಬ್ಬಿಯ ಮೇಲಿದೆ. ಅವುಗಳನ್ನು ಸಲ್ಫ್ಯೂರಿಕ್ ಮತ್ತು ನೈಟ್ರಿಕ್ ಆಮ್ಲಗಳ 3:1 ಮಿಶ್ರಣದಲ್ಲಿ ಹಾಕಿ, 60 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಕಾಲ ಸೋನಿಕೇಟರ್ (ಶ್ರವಣಾತೀತ ಧ್ವನಿಯಿಂದ ಅಲುಗಾಡಿಸುವ) ತೊಟ್ಟಿಯಲ್ಲಿಟ್ಟೆ. ಪಿಎಚ್ 7 ಬರುವವರೆಗೆ ತೊಳೆದು ಒಣಗಿಸಿದೆ. ರಾಸಾಯನಿಕ ಗುಂಪುಗಳನ್ನು ಅತಿಗೆಂಪು ಬೆಳಕಿನಿಂದ ಗುರುತಿಸುವ ಎಫ್‌ಟಿಐಆರ್ ಪರೀಕ್ಷೆಯಲ್ಲಿ, ಪ್ರತಿ ಸೆಂಟಿಮೀಟರ್‌ಗೆ 1720 ತರಂಗಗಳ ಆಸುಪಾಸಿನಲ್ಲಿ ಕಾರ್ಬಾಕ್ಸಿಲ್ ಗುಂಪಿನ ಶೃಂಗ ಸ್ಪಷ್ಟವಾಗಿ ಕಾಣಿಸಿತು. ಬಳಿಕ ಕ್ಲೋರೋಫಾರ್ಮ್ ಮತ್ತು ಡಿಎಂಎಫ್ (ಡೈಮೀಥೈಲ್ ಫಾರ್ಮಮೈಡ್) ದ್ರಾವಕಗಳ 3:1 ಮಿಶ್ರಣದಲ್ಲಿ ಶೇ. 12ರಷ್ಟು ಪಿಸಿಎಲ್ ಕರಗಿಸಿ, ಆ ದ್ರಾವಣಕ್ಕೆ ಟ್ಯೂಬ್ ಪುಡಿಯನ್ನು ನೇರವಾಗಿ ಹಾಕಿ ಒಂದು ಗಂಟೆ ಸೋನಿಕೇಟ್ ಮಾಡಿದೆ. ಸೂಜಿಯಿಂದ ಬರುವ ದ್ರಾವಣವನ್ನು ಅಧಿಕ ವೋಲ್ಟೇಜ್‌ನಿಂದ ನಾರಾಗಿ ಎಳೆಯುವ ಎಲೆಕ್ಟ್ರೋಸ್ಪಿನ್ನಿಂಗ್‌ಗೆ 15 ಕಿಲೋವೋಲ್ಟ್, ಸೂಜಿಯಿಂದ ಸಂಗ್ರಾಹಕ ತಟ್ಟೆಗೆ 15 ಸೆಂಟಿಮೀಟರ್, ಹರಿವು ಗಂಟೆಗೆ 1 ಮಿಲಿಲೀಟರ್.

ಫಲಿತಾಂಶ ಹೀಗಿದೆ: ಬರೀ ಪಿಸಿಎಲ್ ಹಾಳೆಯ ಕರ್ಷಣ ಬಲ (ಎಳೆದು ಹರಿಯಲು ಬೇಕಾದ ಬಲ) 3.1 ಮೆಗಾಪ್ಯಾಸ್ಕಲ್, ತೂಕದಲ್ಲಿ ಶೇ. 0.5 ಟ್ಯೂಬ್ ಸೇರಿಸಿದಾಗ 3.6, ಶೇ. 2 ಸೇರಿಸಿದಾಗ 2.2. ಶೇ. 2ರ ದ್ರಾವಣದಲ್ಲಿ ಸೂಜಿಯ ಬಾಯಿ ಪದೇ ಪದೇ ಕಟ್ಟಿಕೊಳ್ಳುತ್ತದೆ. ಇದೆಲ್ಲ ಏಪ್ರಿಲ್ ತಿಂಗಳಲ್ಲಿ, ಪ್ರಯೋಗಾಲಯದ ಉಷ್ಣಾಂಶ 38 ಡಿಗ್ರಿ ಇದ್ದಾಗ ಮಾಡಿದ ಕೆಲಸ.

ಉಕ್ಕಿಗಿಂತ ಎಷ್ಟೋ ಪಟ್ಟು ಬಲವಾದ ವಸ್ತುವನ್ನು ಹೆಚ್ಚು ಹಾಕಿದರೆ ಹಾಳೆ ಮತ್ತಷ್ಟು ಗಟ್ಟಿಯಾಗಬೇಕಿತ್ತಲ್ಲವೇ? ಆಮ್ಲದ ಸಂಸ್ಕರಣೆ ಸಾಲದೆ ಹೀಗಾಗಿದೆಯೇ, ಅದನ್ನು 48 ಗಂಟೆಗೆ ಏರಿಸಲೇ? ಅಥವಾ ಕಾರ್ಬಾಕ್ಸಿಲ್ ಗುಂಪಿನ ಮೇಲೆ ಪಿಸಿಎಲ್ ಸರಪಳಿಗಳನ್ನೇ ಕಸಿ ಮಾಡಬೇಕೇ? ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ 1: ರಸಾಯನಶಾಸ್ತ್ರ ಅಧ್ಯಾಪಕ, ಕೊಪ್ಪಳ

ತಂಗಿ, 48 ಗಂಟೆ ಖಂಡಿತ ಬೇಡ. ನಿಮ್ಮ 24 ಗಂಟೆಯೇ ಅತಿಯಾಗಿದೆ ಎಂಬುದು ನನ್ನ ಅನುಮಾನ, ಮತ್ತು ಅದಕ್ಕೆ ಕಾರಣವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗುತ್ತದೆ.

ಮೊದಲು ಮೇಲ್ಮೈ ಸಂಸ್ಕರಣೆ ಏಕೆ ಬೇಕು ಎಂಬುದನ್ನು ನೋಡೋಣ. ನ್ಯಾನೋಟ್ಯೂಬ್‌ನ ಭಿತ್ತಿ ಎಂದರೆ ಸುರುಳಿ ಸುತ್ತಿದ ಗ್ರಾಫೈಟ್ ಪದರ. ಅದು ಪಾಲಿಮರ್‌ನೊಂದಿಗೆ ಬೆರೆಯಲು ಒಲ್ಲದು, ಆದರೆ ಪಕ್ಕದ ಟ್ಯೂಬ್‌ನೊಂದಿಗೆ ಉದ್ದಕ್ಕೂ ಅಂಟಿಕೊಳ್ಳುತ್ತದೆ. ಒಂದೊಂದು ಪರಮಾಣುವಿನ ಆಕರ್ಷಣೆ ಅಲ್ಪವೇ ಆದರೂ ಮೈಕ್ರೋಮೀಟರ್‌ಗಟ್ಟಲೆ ಉದ್ದಕ್ಕೆ ಅದು ಕೂಡುತ್ತಾ ಹೋಗುವುದರಿಂದ ಟ್ಯೂಬ್‌ಗಳು ಕಂತೆಯಾಗಿ, ಗಂಟಾಗಿ ಉಳಿಯುತ್ತವೆ. ನಮ್ಮ ಭಾಗದ ಕಂಬಳಿ ನೇಯುವವರು ಹಾಸಿನ ಎಳೆಗಳಿಗೆ ಹುಣಸೆ ಬೀಜದ ಗಂಜಿ ಹಚ್ಚುವುದನ್ನು ನೀವು ನೋಡಿರಬಹುದು. ಉಣ್ಣೆಯನ್ನು ಅವರು ಬದಲಾಯಿಸುವುದಿಲ್ಲ, ಅದರ ಮೇಲ್ಮೈಯನ್ನು ಮಾತ್ರ ಬದಲಾಯಿಸುತ್ತಾರೆ. ಚದುರಿದ ಕೂದಲು ಎಳೆಗೆ ಕೂಡಿಕೊಂಡು ಮಗ್ಗದ ಎಳೆತವನ್ನು ಎಲ್ಲವೂ ಸೇರಿ ಹೊರುವಂತಾಗುತ್ತದೆ. ಕಾರ್ಬಾಕ್ಸಿಲ್ ಗುಂಪಿನ ಕೆಲಸವೂ ಇಂಥದ್ದೇ: ಒಂದು ಟ್ಯೂಬ್ ಇನ್ನೊಂದರಿಂದ ಬಿಡಿಸಿಕೊಳ್ಳಬೇಕು ಮತ್ತು ಪಿಸಿಎಲ್‌ನ ಎಸ್ಟರ್ ಗುಂಪುಗಳ ಜೊತೆ ಹಿಡಿತ ಸಾಧಿಸಬೇಕು.

ಆದರೆ ಈ ಗಂಜಿಯನ್ನು ಹಚ್ಚುವ ಆಮ್ಲ ಎಳೆಯನ್ನೇ ಕಡಿಯುತ್ತದೆ, ತೊಂದರೆ ಇರುವುದು ಅಲ್ಲಿಯೇ. ಕಾರ್ಬಾಕ್ಸಿಲ್ ಗುಂಪು ಕೂರಬೇಕಾದರೆ ಭಿತ್ತಿಯ ಷಟ್ಕೋನ ಜಾಲ ಅಲ್ಲಿ ಮುರಿಯಲೇಬೇಕು. ಈ 3:1 ಆಮ್ಲ ಮಿಶ್ರಣದ ಸೋನಿಕೇಶನ್ ವಿಧಾನ 1998ರಲ್ಲಿ ಪ್ರಕಟವಾದದ್ದು ಟ್ಯೂಬ್‌ಗಳನ್ನು ತುಂಡರಿಸುವ ಉಪಾಯವಾಗಿ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಹಾಗಾಗಿ 24 ಗಂಟೆಯ ಬಳಿಕ ನಿಮ್ಮ ಕೈಯಲ್ಲಿರುವುದು ಡಬ್ಬಿಯ ಮೇಲೆ ಬರೆದ 10ರಿಂದ 30 ಮೈಕ್ರೋಮೀಟರ್ ಉದ್ದದ ಟ್ಯೂಬ್‌ಗಳಲ್ಲ.

ಉದ್ದ ಏಕೆ ಮುಖ್ಯ ಎಂಬುದನ್ನು ಲೆಕ್ಕದಲ್ಲೇ ತೋರಿಸುತ್ತೇನೆ. ಪಾಲಿಮರ್‌ನ ಮೇಲೆ ಬಿದ್ದ ಎಳೆತ ಟ್ಯೂಬಿಗೆ ದಾಟುವುದು ಅದರ ಪಕ್ಕದ ಮೇಲ್ಮೈಯ ಮೂಲಕ, ಅಂದರೆ ಜಾರುವಿಕೆಯನ್ನು ತಡೆಯುವ ಹಿಡಿತದ ಮೂಲಕ. ಟ್ಯೂಬಿನ ಪೂರ್ಣ ಬಲ ಬಳಕೆಗೆ ಬರಬೇಕಾದರೆ ಅದಕ್ಕೊಂದು ಕನಿಷ್ಠ ಉದ್ದ ಬೇಕು; ಟ್ಯೂಬಿನ ಬಲವನ್ನು ವ್ಯಾಸದಿಂದ ಗುಣಿಸಿ, ಹಿಡಿತದ ಎರಡರಷ್ಟರಿಂದ ಭಾಗಿಸಿದರೆ ಆ ಉದ್ದ ಸಿಗುತ್ತದೆ. 2000ದಲ್ಲಿ ಬಹುಭಿತ್ತಿಯ ಟ್ಯೂಬ್‌ಗಳನ್ನು ಒಂದೊಂದಾಗಿ ಎಳೆದು ಅಳೆದಾಗ ಹೊರಭಿತ್ತಿಯ ಬಲ 11ರಿಂದ 63 ಗಿಗಾಪ್ಯಾಸ್ಕಲ್ ಇತ್ತು. ದೋಷಗಳಿರುವ ನಮ್ಮ ಟ್ಯೂಬಿಗೆ 10 ಎಂದಿಟ್ಟುಕೊಳ್ಳೋಣ. ವ್ಯಾಸ 15 ನ್ಯಾನೋಮೀಟರ್. ಸಂಸ್ಕರಣೆ ಇಲ್ಲದ ಮೇಲ್ಮೈಯ ಹಿಡಿತ 2 ಮೆಗಾಪ್ಯಾಸ್ಕಲ್ ಎಂದಾದರೆ ಬೇಕಾಗುವ ಉದ್ದ 37 ಮೈಕ್ರೋಮೀಟರ್‌ಗೂ ಹೆಚ್ಚು. ಹಿಡಿತ 10ಕ್ಕೆ ಏರಿದರೆ ಅದು 7.5ಕ್ಕೆ ಇಳಿಯುತ್ತದೆ. ಪಿಸಿಎಲ್ ತಾನೇ ಮೆದುವಾದ ಪಾಲಿಮರ್ ಆದ್ದರಿಂದ ಅದಕ್ಕಿಂತ ಬಹಳ ಹೆಚ್ಚಿನ ಹಿಡಿತವನ್ನು ನಾನು ನಿರೀಕ್ಷಿಸುವುದಿಲ್ಲ. ಆಮ್ಲ ನಿಮ್ಮ ಟ್ಯೂಬನ್ನು ಒಂದು ಮೈಕ್ರೋಮೀಟರ್‌ಗೆ ಇಳಿಸಿದ್ದರೆ, ಹಿಡಿತ ಎಷ್ಟೇ ಚೆನ್ನಾಗಿದ್ದರೂ ಟ್ಯೂಬ್ ತನ್ನ ಬಲದ ಅಲ್ಪ ಭಾಗವನ್ನಷ್ಟೇ ಕೊಟ್ಟು ಪಾಲಿಮರ್‌ನಿಂದ ಕಿತ್ತು ಬರುತ್ತದೆ. ಸಂಸ್ಕರಣೆ ಹೆಚ್ಚಾದಂತೆ ಹಿಡಿತ ಏರುತ್ತದೆ, ಉದ್ದ ಇಳಿಯುತ್ತದೆ. ನೀವು ಹುಡುಕಬೇಕಾದದ್ದು ಇವೆರಡರ ನಡುವಿನ ಹದವನ್ನು.

ಎಫ್‌ಟಿಐಆರ್ ಶೃಂಗ ಈ ಹದವನ್ನು ಹೇಳುವುದಿಲ್ಲ. ಚದುರಿದ ಬೆಳಕಿನಿಂದ ಭಿತ್ತಿಯ ಸ್ಥಿತಿ ತಿಳಿಸುವ ರಾಮನ್ ಸ್ಪೆಕ್ಟ್ರಮ್ ತೆಗೆಸಿ, ದೋಷಗಳನ್ನು ತೋರುವ 1350ರ ಬಳಿಯ ಡಿ ಪಟ್ಟಿ ಮತ್ತು ಸುಸ್ಥಿತಿಯ ಜಾಲವನ್ನು ತೋರುವ 1580ರ ಬಳಿಯ ಜಿ ಪಟ್ಟಿಗಳ ಅನುಪಾತವನ್ನು ಸಂಸ್ಕರಣೆಗೆ ಮೊದಲು ಮತ್ತು ಅನಂತರ ಹೋಲಿಸಿ. ಅನುಪಾತ ತುಸು ಏರಿದರೆ ಗುಂಪುಗಳು ಕೂತಿವೆ ಎಂದರ್ಥ. ವಿಪರೀತ ಏರಿದ್ದರೆ ಭಿತ್ತಿ ಹಾಳಾಗಿದೆ. ಇನ್ನೊಂದು ಮಾತು: ಆಮ್ಲ ಕಿತ್ತು ತೆಗೆದ ಇಂಗಾಲದ ಚೂರುಗಳು ಟ್ಯೂಬಿನ ಮೈಗೆ ಅಂಟಿಕೊಂಡಿರುತ್ತವೆ, ಮತ್ತು ಕಾರ್ಬಾಕ್ಸಿಲ್ ಗುಂಪುಗಳಲ್ಲಿ ಗಣನೀಯ ಪಾಲು ಆ ಚೂರುಗಳ ಮೇಲೆಯೇ ಇರಬಹುದು. ಹಾಗಿದ್ದರೆ ನಿಮ್ಮ ಪಾಲಿಮರ್ ಹಿಡಿದುಕೊಂಡಿರುವುದು ಟ್ಯೂಬನ್ನಲ್ಲ, ಅದರ ಮೇಲಿನ ಸಡಿಲ ಧೂಳನ್ನು. ದುರ್ಬಲ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಿಂದ ಒಮ್ಮೆ ತೊಳೆದರೆ ಈ ಚೂರುಗಳು ಕರಗಿ ಹೋಗುತ್ತವೆ. ಬಳಿಕ ಸ್ವಲ್ಪ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಉಳಿದ ಗುಂಪುಗಳನ್ನು ಮರಳಿ ಆಮ್ಲರೂಪಕ್ಕೆ ತಂದು ನೀರಿನಲ್ಲಿ ತೊಳೆಯಿರಿ.

ನನ್ನ ಸಲಹೆ: ಅದೇ ಮಿಶ್ರಣ, 50 ಡಿಗ್ರಿ, 3 ಗಂಟೆ, ಸೋನಿಕೇಶನ್ ಬದಲು ಬರೀ ಕಲಕುವಿಕೆ. ಕಂದು ಬಣ್ಣದ ನೈಟ್ರೋಜನ್ ಡೈಆಕ್ಸೈಡ್ ಹೊಗೆ ಏಳುತ್ತದೆಯಾದ್ದರಿಂದ ಫ್ಯೂಮ್ ಹುಡ್ (ಹೊಗೆಯನ್ನು ಹೊರಗೆಳೆಯುವ ಕಪಾಟು) ಇಲ್ಲದೆ ಇದನ್ನು ಮಾಡಲೇಬೇಡಿ, ಉಳಿದ ಆಮ್ಲವನ್ನು ಬಿಗಿ ಮುಚ್ಚಳದ ಬಾಟಲಿಯಲ್ಲಿ ತುಂಬಿಡಬೇಡಿ.

ಬೆರೆಸುವ ಕ್ರಮವೂ ತಿರುಗುಮುರುಗಾಗಿದೆ. ಶೇ. 12ರ ಪಿಸಿಎಲ್ ದ್ರಾವಣ ಜೇನಿನಂತೆ ಮಂದವಾಗಿರುತ್ತದೆ. ಅದರೊಳಗೆ ಒಣ ಪುಡಿ ಹಾಕಿದರೆ ಗಂಟು ಬಿಡುವುದಿಲ್ಲ. ಮೊದಲು ಟ್ಯೂಬ್‌ಗಳನ್ನು ಡಿಎಂಎಫ್‌ನಲ್ಲಿ ಮಾತ್ರ ಹಾಕಿ, ಮಂಜುಗಡ್ಡೆಯ ತೊಟ್ಟಿಯಲ್ಲಿಟ್ಟು ಸೋನಿಕೇಟ್ ಮಾಡಿ. ಬಿಡಿ ಟ್ಯೂಬ್‌ಗಳು ಡಿಎಂಎಫ್‌ನಲ್ಲಿ ಚೆನ್ನಾಗಿ ಹರಡುತ್ತವೆ. ಬಳಿಕ ಕ್ಲೋರೋಫಾರ್ಮ್, ಕೊನೆಗೆ ಪಿಸಿಎಲ್ ಹರಳು ಹಾಕಿ ರಾತ್ರಿಯೆಲ್ಲ ಕಲಕಿರಿ. ಪಾಲಿಮರ್ ಇರುವ ದ್ರಾವಣವನ್ನು ಹೆಚ್ಚು ಹೊತ್ತು ಸೋನಿಕೇಟ್ ಮಾಡಿದರೆ ಅದರ ಸರಪಳಿಗಳೇ ತುಂಡಾಗುತ್ತವೆ, ಹಾಳೆ ದುರ್ಬಲವಾಗಲು ಅದೊಂದೇ ಸಾಕು.

ಪಿಸಿಎಲ್ ಕಸಿಯ ಪ್ರಶ್ನೆ. ಟ್ಯೂಬಿನ ಮೇಲೆ ಹೈಡ್ರಾಕ್ಸಿಲ್ ಗುಂಪು ತಂದು, ಅಲ್ಲಿಂದ ಕ್ಯಾಪ್ರೋಲ್ಯಾಕ್ಟೋನ್ ಉಂಗುರವನ್ನು ತೆರೆದು ಸರಪಳಿ ಬೆಳೆಸುವ ವಿಧಾನ ನಿಜಕ್ಕೂ ಉತ್ತಮ, ಏಕೆಂದರೆ ಆಗ ಟ್ಯೂಬಿನ ಮೇಲಿನ ಸರಪಳಿ ಸುತ್ತಲಿನ ಪಿಸಿಎಲ್ ಸರಪಳಿಗಳೊಂದಿಗೆ ಹೆಣೆದುಕೊಳ್ಳುತ್ತದೆ. ಆದರೆ ಅದಕ್ಕೆ ತೇವಾಂಶವಿಲ್ಲದ ವಾತಾವರಣ, ತವರದ ವೇಗವರ್ಧಕ, ಅದನ್ನು ಪೂರ್ಣವಾಗಿ ತೊಳೆದು ತೆಗೆಯುವ ಶ್ರಮ ಬೇಕು. ಮೊದಲ ಹೆಜ್ಜೆ ಸರಿಯಾಗದೆ ಅಲ್ಲಿಗೆ ಹೋಗುವುದು ಬೇಡ.

ಉತ್ತರ 2: ಹತ್ತಿ ಮತ್ತು ನೂಲು ಪರೀಕ್ಷೆ, ರಾಯಚೂರು

ನಾನು ನ್ಯಾನೋ ಕ್ಷೇತ್ರದವನಲ್ಲ. ಹತ್ತಿ ಎಳೆ ಮತ್ತು ನೂಲಿನ ಪರೀಕ್ಷೆಯಲ್ಲಿ ವರ್ಷಗಳನ್ನು ಕಳೆದವನು. ಮೇಲಿನ ಸರ್ ಹೇಳಿದ ಕನಿಷ್ಠ ಉದ್ದದ ಮಾತನ್ನು ಓದಿ ಸಂತೋಷವಾಯಿತು. ಮಾರುಕಟ್ಟೆಯಲ್ಲಿ ಅನುಭವಿ ವ್ಯಾಪಾರಿ ಹಿಡಿ ಅರಳೆಯನ್ನು ಎರಡು ಕೈಗಳಲ್ಲಿ ಎಳೆದೆಳೆದು ಎಳೆಯುದ್ದವನ್ನು ನೋಡುವುದು ಇದೇ ಕಾರಣಕ್ಕೆ: ಗಿಡ್ಡ ಎಳೆಯ ಹತ್ತಿ ಎಷ್ಟೇ ಬಿಳಿಯಾಗಿದ್ದರೂ ನೂಲಿನಲ್ಲಿ ಪಕ್ಕದ ಎಳೆಯನ್ನು ಹಿಡಿದು ನಿಲ್ಲಲಾರದೆ ಜಾರುತ್ತದೆ.

ನಾನು ಕೇಳಬಯಸುವುದು ಬೇರೆ. ಮೇಡಂ, ಹಾಳೆಯ ದಪ್ಪವನ್ನು ನೀವು ಯಾವುದರಿಂದ ಅಳೆದಿರಿ? ಸ್ಕ್ರೂ ಮೈಕ್ರೋಮೀಟರ್ ಆಗಿದ್ದರೆ ಅದು ಹಾಳೆಯನ್ನು ಒತ್ತುತ್ತದೆ, ಒತ್ತಿದಷ್ಟೂ ದಪ್ಪ ಕಡಿಮೆ ತೋರುತ್ತದೆ. ಅದಕ್ಕಿಂತ ದೊಡ್ಡ ಸಂಗತಿ ಎಂದರೆ, ಎಲೆಕ್ಟ್ರೋಸ್ಪಿನ್ನಿಂಗ್‌ನಿಂದ ಬಂದ ಹಾಳೆಯಲ್ಲಿ ಹೆಚ್ಚಿನ ಪಾಲು ಗಾಳಿ. ಹಾಳೆಯ ಅಗಲ ಗುಣಿಲೆ ದಪ್ಪ ಎಂದು ನೀವು ಬಲವನ್ನು ಭಾಗಿಸಿದಾಗ ಆ ಗಾಳಿಯೂ ಭಾರ ಹೊತ್ತಿದೆ ಎಂದು ಲೆಕ್ಕ ಹಾಕಿದಂತಾಯಿತು. ಎರಡು ಹಾಳೆಗಳಲ್ಲಿ ಗಾಳಿಯ ಪಾಲು ಒಂದೇ ಇದ್ದರೆ ಹೋಲಿಕೆ ಹೇಗೋ ನಡೆಯುತ್ತದೆ. ಒಂದು ಹಾಳೆ ಇನ್ನೊಂದಕ್ಕಿಂತ ಉಬ್ಬಿಕೊಂಡಿದ್ದರೆ ಸಂಖ್ಯೆಗಳು ದಾರಿ ತಪ್ಪಿಸುತ್ತವೆ. ಟ್ಯೂಬ್ ಸೇರಿಸಿದ ದ್ರಾವಣ ವಿದ್ಯುತ್ತನ್ನು ಹೆಚ್ಚು ಒಯ್ಯುತ್ತದೆ ಎಂದು ಓದಿದ್ದೇನೆ. ಎಳೆಗಳು ಹೆಚ್ಚು ವಿದ್ಯುದಾವೇಶ ಹೊತ್ತು ಬಂದರೆ ತಟ್ಟೆಯ ಮೇಲೆ ಪರಸ್ಪರ ದೂಡುತ್ತಾ ಸಡಿಲವಾಗಿ ಕೂರುತ್ತವೆ. ಬಳ್ಳಾರಿಯ ಏಪ್ರಿಲ್‌ನ ಒಣ ಗಾಳಿಯಲ್ಲಿ ಆ ಆವೇಶ ಬೇಗ ಇಳಿಯುವುದೂ ಇಲ್ಲ.

ನೂಲಿನವರು ಈ ತೊಡಕನ್ನು ಬಹಳ ಹಿಂದೆಯೇ ಬಿಡಿಸಿದ್ದಾರೆ. ನೂಲಿನ ಅಡ್ಡಕೊಯ್ತದ ವಿಸ್ತೀರ್ಣವನ್ನು ಯಾರೂ ಅಳೆಯುವುದಿಲ್ಲ, ಏಕೆಂದರೆ ಅದರಲ್ಲೂ ಗಾಳಿ ಇದೆ. ಬದಲಿಗೆ ಒಂದು ಕಿಲೋಮೀಟರ್ ಉದ್ದದ ತೂಕ ಎಷ್ಟು ಗ್ರಾಂ ಎಂಬುದನ್ನು ಟೆಕ್ಸ್ ಎಂದು ಕರೆದು, ಬಲವನ್ನು ಟೆಕ್ಸ್‌ನಿಂದ ಭಾಗಿಸುತ್ತಾರೆ. ತೂಕ ಎಂದರೆ ನಿಜವಾಗಿ ಇರುವ ವಸ್ತು; ಅದರಲ್ಲಿ ಗಾಳಿ ಬರುವುದಿಲ್ಲ. ನೀವು ಕತ್ತರಿಸಿದ ಪ್ರತಿ ಪಟ್ಟಿಯನ್ನೂ ಎಳೆಯುವ ಮೊದಲು ತೂಗಿ, ತೂಕವನ್ನು ಪಟ್ಟಿಯ ಉದ್ದದಿಂದ ಭಾಗಿಸಿದರೆ ಪಟ್ಟಿಯ ಟೆಕ್ಸ್ ಸಿಕ್ಕಿತು. ಹರಿಯುವಾಗಿನ ಬಲವನ್ನು, ನ್ಯೂಟನ್‌ನಲ್ಲಿ, ಅದರಿಂದ ಭಾಗಿಸಿ. ಮೆಗಾಪ್ಯಾಸ್ಕಲ್ ಬೇಕೇ ಬೇಕೆಂದರೆ, ಪ್ರತಿ ಟೆಕ್ಸ್‌ಗೆ ಎಷ್ಟು ನ್ಯೂಟನ್ ಎಂಬ ಸಂಖ್ಯೆಯನ್ನು ಪಿಸಿಎಲ್‌ನ ಸಾಂದ್ರತೆ 1.145ರಿಂದ ಗುಣಿಸಿದರೆ ಗಿಗಾಪ್ಯಾಸ್ಕಲ್‌ನಲ್ಲಿ ಉತ್ತರ ಬರುತ್ತದೆ, ಸಾವಿರದಿಂದ ಗುಣಿಸಿಕೊಳ್ಳಿ.

ಉಷ್ಣಾಂಶದ ಬಗ್ಗೆಯೂ ಒಂದು ಮಾತು. ನಮ್ಮ ದೇಶದ ಜವಳಿ ಪರೀಕ್ಷೆಗಳಿಗೆ 27 ಡಿಗ್ರಿ ಮತ್ತು ಶೇ. 65 ಆರ್ದ್ರತೆ ರೂಢಿಯಲ್ಲಿದೆ. ಪಿಸಿಎಲ್ ಸುಮಾರು 60 ಡಿಗ್ರಿಗೇ ಕರಗುವ ವಸ್ತು ಎಂದು ತಿಳಿದಿದ್ದೇನೆ. ಅಂಥದ್ದನ್ನು ಬೆಳಿಗ್ಗೆ 29 ಡಿಗ್ರಿಯಲ್ಲಿ ಒಂದು, ಮಧ್ಯಾಹ್ನ 38 ಡಿಗ್ರಿಯಲ್ಲಿ ಇನ್ನೊಂದು ಎಂದು ಎಳೆದರೆ ಹೋಲಿಕೆಗೆ ಅರ್ಥವಿರುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಂತೂ ಮಾದರಿಗಳನ್ನು ಬಿಡಬೇಡಿ.

ಉತ್ತರ 3: ಫಾರ್ಮಸಿ ಬೋಧಕಿ, ಗಂಗಾವತಿ

ಇಬ್ಬರೂ ಹಿರಿಯರು ಬಲದ ಬಗ್ಗೆ ಬರೆದಿದ್ದಾರೆ. ನಾನು ಕೇಳುವುದು, ಪಾಲಿಮರ್ ಹೋದ ಮೇಲೆ ಏನು ಉಳಿಯುತ್ತದೆ ಎಂಬುದನ್ನು. ಜೈವಿಕ ವಿಘಟನೀಯ ಎಂಬ ಮಾತು ಪಿಸಿಎಲ್‌ಗೆ ಒಪ್ಪುತ್ತದೆ, ಟ್ಯೂಬಿಗೆ ಒಪ್ಪುವುದಿಲ್ಲ. ಹೊದಿಕೆಯಾಗಿ ಹಚ್ಚಿ ಕೆಲವು ದಿನಗಳಲ್ಲಿ ತೆಗೆದು ಹಾಕುವ ಹಾಳೆಯಾದರೆ ಚಿಂತೆ ಕಡಿಮೆ, ಏಕೆಂದರೆ ಪಿಸಿಎಲ್ ದೇಹದಲ್ಲಿ ಪೂರ್ಣವಾಗಿ ವಿಘಟನೆಯಾಗಲು ಎರಡು ವರ್ಷಕ್ಕೂ ಹೆಚ್ಚು ಕಾಲ ಬೇಕು, ಅಷ್ಟರೊಳಗೆ ಹಾಳೆ ಗಾಯದ ಮೇಲಿರುವುದಿಲ್ಲ. ಆದರೆ ಪ್ರಶ್ನೆಯಲ್ಲಿ ಅದು ಸ್ಪಷ್ಟವಾಗಿಲ್ಲ. ಹಾಳೆಯನ್ನು ದೇಹದೊಳಗೆ ಬಿಡುವ ಉದ್ದೇಶವಿದ್ದರೆ, ಅಥವಾ ಬೇಗ ಕರಗಲೆಂದು ಒಂದೆರಡು ತಿಂಗಳಲ್ಲಿ ವಿಘಟನೆಯಾಗುವ 50:50 ಪಿಎಲ್‌ಜಿಎ ಎಂಬ ಇನ್ನೊಂದು ಪಾಲಿಮರ್‌ಗೆ ಬದಲಾಯಿಸಿದರೆ, ಟ್ಯೂಬ್‌ಗಳು ಅಂಗಾಂಶದಲ್ಲೇ ಬಿಡುಗಡೆಯಾಗುತ್ತವೆ.

ಇಲ್ಲಿ ಮೇಲ್ಮೈ ಸಂಸ್ಕರಣೆಗೆ ಇನ್ನೊಂದು ಅರ್ಥವಿದೆ, ಅದನ್ನು ಬಲದ ಚರ್ಚೆಯಲ್ಲಿ ಬಿಡಬಾರದು. ಹಾರ್ಸ್‌ರ್ಯಾಡಿಶ್ ಪೆರಾಕ್ಸಿಡೇಸ್ ಎಂಬ ಕಿಣ್ವ ಅಲ್ಪ ಹೈಡ್ರೋಜನ್ ಪೆರಾಕ್ಸೈಡ್‌ನ ನೆರವಿನಿಂದ ಕಾರ್ಬಾಕ್ಸಿಲ್ ಗುಂಪಿರುವ ಏಕಭಿತ್ತಿಯ ಟ್ಯೂಬ್‌ಗಳನ್ನು ನಿಧಾನವಾಗಿ ಒಡೆಯುತ್ತದೆ ಎಂಬುದು 2008ರಲ್ಲಿ ತಿಳಿಯಿತು. 2010ರಲ್ಲಿ ನಮ್ಮ ಬಿಳಿ ರಕ್ತಕಣಗಳ ಮೈಲೋಪೆರಾಕ್ಸಿಡೇಸ್ ಕಿಣ್ವದಿಂದಲೂ ಅದು ಸಾಧ್ಯವೆಂದು ಗೊತ್ತಾಯಿತು. ಸಂಸ್ಕರಿಸದ ಟ್ಯೂಬ್ ಹಾಗೆ ಒಡೆಯುವುದಿಲ್ಲ, ಏಕೆಂದರೆ ಕಿಣ್ವ ಕೆಲಸ ಆರಂಭಿಸುವುದು ಭಿತ್ತಿಯ ದೋಷಗಳಿಂದ. ಕೊಪ್ಪಳದ ಸರ್ ಕಡಿಮೆ ಮಾಡಿ ಎಂದ ದೋಷಗಳೇ ದೇಹದ ದೃಷ್ಟಿಯಿಂದ ಬೇಕಾದವು. ಹದ ಹುಡುಕುವಾಗ ಇದನ್ನೂ ತಕ್ಕಡಿಗೆ ಹಾಕಬೇಕು.

ಕೆಲಸ ಮಾಡುವವರ ಉಸಿರಿನ ಮಾತಿಗೆ ಬರುತ್ತೇನೆ, ಇದನ್ನು ಒತ್ತಿ ಹೇಳಬೇಕಾಗಿದೆ. ಒಣ ಟ್ಯೂಬ್ ಪುಡಿ ಮಸಿಗಿಂತ ಹಗುರ, ಫ್ಯಾನ್ ತಿರುಗುವ ಕೋಣೆಯಲ್ಲಿ ತೂಗಿದರೆ ಎಲ್ಲೆಡೆ ಹಾರುತ್ತದೆ. ಬಹುಭಿತ್ತಿಯ ಟ್ಯೂಬ್‌ಗಳ ಒಂದು ನಿರ್ದಿಷ್ಟ ಬಗೆಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2014ರಲ್ಲಿ ಕ್ಯಾನ್ಸರ್ ತರಬಹುದಾದವುಗಳ 2ಬಿ ಗುಂಪಿಗೆ ಸೇರಿಸಿದೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್ 2013ರಲ್ಲಿ ಶಿಫಾರಸು ಮಾಡಿದ ಮಿತಿ, ಎಂಟು ಗಂಟೆಯ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 1 ಮೈಕ್ರೋಗ್ರಾಂ. ಬೇಸಿಗೆಯಲ್ಲಿ ಸೆಕೆಯೆಂದು ಕಿಟಕಿ ತೆರೆದು ಫ್ಯಾನ್ ಹಾಕಿ ತೂಗುವ ಅಭ್ಯಾಸ ಎಷ್ಟೋ ಕಡೆ ಇದೆ; ಅದು ಬೇಡ. ತೂಗುವುದನ್ನು ಮುಚ್ಚಿದ ಹುಡ್‌ನೊಳಗೆ, ಎನ್95 ಮುಖಗವಸು ಮತ್ತು ಕೈಗವಸು ಹಾಕಿಕೊಂಡು ಮಾಡಿ. ತೂಗಿದ ತಕ್ಷಣ ಡಿಎಂಎಫ್ ಹಾಕಿ ತೇವ ಮಾಡಿ.

ಕೊನೆಯದಾಗಿ, ಬಲವೊಂದೇ ಬೇಕಿದ್ದರೆ ನಮ್ಮ ಭಾಗದ ಹತ್ತಿಯಲ್ಲೇ ಇರುವ ಸೆಲ್ಯುಲೋಸ್ ನ್ಯಾನೋಹರಳುಗಳನ್ನು ಏಕೆ ಬಳಸಬಾರದು? ಶೇ. 64ರ ಸಲ್ಫ್ಯೂರಿಕ್ ಆಮ್ಲದಲ್ಲಿ 45 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ ಇಟ್ಟರೆ ಅವು ಬೇರ್ಪಡುತ್ತವೆ, ಬಿಗುವು 100 ಗಿಗಾಪ್ಯಾಸ್ಕಲ್‌ಗೂ ಹೆಚ್ಚು.

ಉತ್ತರ 4: ರಸಾಯನಶಾಸ್ತ್ರ ಅಧ್ಯಾಪಕ, ಕೊಪ್ಪಳ

ಮೇಡಂ ಹೇಳಿದ ಕಿಣ್ವದ ಮಾತು ಸರಿ, ನಾನು ಅದನ್ನು ಗಮನಕ್ಕೆ ತಂದುಕೊಂಡಿರಲಿಲ್ಲ. ಸೆಲ್ಯುಲೋಸ್ ಹರಳಿನ ವಿಷಯದಲ್ಲಿ ಮಾತ್ರ ನನ್ನ ಭಿನ್ನಾಭಿಪ್ರಾಯವಿದೆ. ಅವು ನೀರನ್ನು ಪ್ರೀತಿಸುವ ವಸ್ತುಗಳು; ಕ್ಲೋರೋಫಾರ್ಮ್‌ನಲ್ಲಿ ಅವೂ ಗಂಟು ಕಟ್ಟುತ್ತವೆ, ಅವುಗಳ ಮೇಲ್ಮೈಯನ್ನೂ ಅಸಿಟೈಲ್ ಗುಂಪಿನಿಂದಲೋ ಬೇರಾವುದರಿಂದಲೋ ಬದಲಾಯಿಸಲೇಬೇಕಾಗುತ್ತದೆ. ಹಾಗಾಗಿ ಕೆಲಸ ಕಡಿಮೆಯಾಗುವುದಿಲ್ಲ, ಉಳಿಯುವ ವಸ್ತುವಿನ ಭಯ ಕಡಿಮೆಯಾಗುತ್ತದೆ. ಹಾಳೆ ವಿದ್ಯುತ್ ಒಯ್ಯಬೇಕೆಂದಿದ್ದರೆ, ನರ ಅಥವಾ ಹೃದಯದ ಜೀವಕೋಶಗಳನ್ನು ಬೆಳೆಸುವ ಕೆಲಸಕ್ಕಾದರೆ, ಟ್ಯೂಬಿಗೆ ಸೆಲ್ಯುಲೋಸ್ ಪರ್ಯಾಯವಾಗದು. ವಿದ್ಯಾರ್ಥಿನಿ ತನ್ನ ಮಾರ್ಗದರ್ಶಕರ ಜೊತೆ ಕೂತು ತೀರ್ಮಾನಿಸಬೇಕಾದ ಪ್ರಶ್ನೆ ಇದು.

ಮರುಬರಹ: ಸಂಶೋಧನಾ ವಿದ್ಯಾರ್ಥಿನಿ, ಬಳ್ಳಾರಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಹದಿನೈದು ದಿನಗಳ ಬಳಿಕ ಬರೆಯುತ್ತಿದ್ದೇನೆ. ಹಾಳೆ ಗಾಯದ ಮೇಲೆ ಹಚ್ಚಿ ತೆಗೆಯುವಂಥದ್ದೇ, ದೇಹದೊಳಗೆ ಬಿಡುವುದಲ್ಲ. ವಿದ್ಯುತ್ ಒಯ್ಯುವ ಗುಣ ಮುಂದಿನ ಹಂತದಲ್ಲಿ ಬೇಕಾಗಿರುವುದರಿಂದ ಟ್ಯೂಬ್‌ಗಳನ್ನೇ ಮುಂದುವರಿಸುತ್ತಿದ್ದೇವೆ. ತೂಗುವ ಕೆಲಸವನ್ನು ಹುಡ್‌ನೊಳಗೆ ಸ್ಥಳಾಂತರಿಸಿದ್ದೇನೆ. ಇಷ್ಟು ದಿನ ಫ್ಯಾನ್ ಕೆಳಗೆ ತೂಗುತ್ತಿದ್ದುದು ನಿಜ.

ರಾಯಚೂರಿನ ಸರ್ ಹೇಳಿದಂತೆ ಉಳಿದಿದ್ದ ಹಳೆಯ ಹಾಳೆಗಳಿಂದಲೇ 10 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಉದ್ದದ ಪಟ್ಟಿಗಳನ್ನು ಕತ್ತರಿಸಿ ತೂಗಿದೆ. ದಪ್ಪ ಅಳೆದದ್ದು ಸ್ಕ್ರೂ ಮೈಕ್ರೋಮೀಟರ್‌ನಿಂದಲೇ. ಬರೀ ಪಿಸಿಎಲ್ ಪಟ್ಟಿ 0.10 ಮಿಲಿಮೀಟರ್ ದಪ್ಪ, 9.0 ಮಿಲಿಗ್ರಾಂ, ಅಂದರೆ 180 ಟೆಕ್ಸ್. ಅದು ಹರಿದದ್ದು 3.1 ನ್ಯೂಟನ್‌ಗೆ, ಪ್ರತಿ ಟೆಕ್ಸ್‌ಗೆ 1.72 ಸೆಂಟಿನ್ಯೂಟನ್. ಶೇ. 0.5ರ ಪಟ್ಟಿ ಅಷ್ಟೇ ದಪ್ಪ, 8.8 ಮಿಲಿಗ್ರಾಂ, 3.6 ನ್ಯೂಟನ್; ಪ್ರತಿ ಟೆಕ್ಸ್‌ಗೆ 2.05. ಶೇ. 2ರ ಪಟ್ಟಿಯ ದಪ್ಪ 0.14 ಮಿಲಿಮೀಟರ್, ಆದರೆ ತೂಕ 8.2 ಮಿಲಿಗ್ರಾಂ ಮಾತ್ರ! ಹರಿದದ್ದು 3.08 ನ್ಯೂಟನ್‌ಗೆ, ಪ್ರತಿ ಟೆಕ್ಸ್‌ಗೆ 1.88. ಬರೀ ಪಿಸಿಎಲ್ ಹಾಳೆಯಲ್ಲಿ ಸುಮಾರು ಶೇ. 84 ಗಾಳಿ ಇದ್ದರೆ ಇದರಲ್ಲಿ ಶೇ. 90 ಇತ್ತು. ಮೂರರಲ್ಲಿ ಒಂದು ಪಾಲಿನಷ್ಟು ಕುಸಿದಿದೆ ಎಂದು ನಾನು ಕೊರಗಿದ್ದ ಬಲ ವಾಸ್ತವವಾಗಿ ಶೇ. 9ರಷ್ಟು ಏರಿತ್ತು. ಎರಡು ತಿಂಗಳು ಟ್ಯೂಬನ್ನು ದೂರುತ್ತಾ ಕೂತಿದ್ದೆ, ಪಟ್ಟಿಯನ್ನು ತೂಗುವ ಯೋಚನೆ ಬಂದಿರಲಿಲ್ಲ.

ಆದರೂ ಶೇ. 0.5ಕ್ಕಿಂತ ಶೇ. 2 ಹಿಂದಿರುವುದು ಉಳಿದೇ ಇದೆ. ಎಸ್‌ಇಎಂ (ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಚಿತ್ರಗಳಲ್ಲಿ ಆ ಎಳೆಗಳ ನಡುವೆ ಅಲ್ಲಲ್ಲಿ ಮಣಿಯಂಥ ಉಬ್ಬುಗಳಿವೆ, ಅವು ಟ್ಯೂಬಿನ ಗಂಟುಗಳೆಂದೇ ನನ್ನ ಊಹೆ. 3 ಗಂಟೆಯ ಸಂಸ್ಕರಣೆ ಮತ್ತು ಕ್ಷಾರದ ತೊಳೆತ ಮುಗಿದಿದೆ. ತೊಳೆದ ನೀರು ಚಹಾದಂತೆ ಕಂದು ಬಣ್ಣಕ್ಕೆ ತಿರುಗಿತು. ಡಿಎಂಎಫ್‌ನಲ್ಲಿ ಮೊದಲು ಹರಡಿಸಿದ ದ್ರಾವಣ ಮೂರು ದಿನವಾದರೂ ತಳ ಹಿಡಿದಿಲ್ಲ. ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಮಾತ್ರ ಸ್ಪಿನ್ನಿಂಗ್ ಮಾಡುತ್ತಿರುವುದರಿಂದ ಸೂಜಿ ಕಟ್ಟುವುದೂ ತಗ್ಗಿದೆ. ಹೊಸ ಹಾಳೆಗಳನ್ನು ಎಳೆಯುವ ಮೊದಲು ಇನ್ನೇನನ್ನು ಗಮನಿಸಬೇಕು?

ಉತ್ತರ 5: ರಸಾಯನಶಾಸ್ತ್ರ ಅಧ್ಯಾಪಕ, ಕೊಪ್ಪಳ

ಆ ಕಂದು ನೀರೇ ನಾನು ಹೇಳಿದ ಚೂರುಗಳು. ಬೆಳಗಿನ ಹೊತ್ತನ್ನು ಆರಿಸಿಕೊಂಡದ್ದು ಒಳ್ಳೆಯದು. ಕ್ಲೋರೋಫಾರ್ಮ್ 61 ಡಿಗ್ರಿಗೇ ಕುದಿಯುವುದರಿಂದ ನಮ್ಮ ಮಧ್ಯಾಹ್ನಗಳಲ್ಲಿ ಅದು ಸೂಜಿಯ ತುದಿಯಲ್ಲೇ ಆರಿಹೋಗುತ್ತದೆ. 40 ಡಿಗ್ರಿಗೆ ಕುದಿಯುವ ಡೈಕ್ಲೋರೋಮೀಥೇನ್ ಬಳಸಲು ಯಾರಾದರೂ ಹೇಳಿದರೆ ಮಳೆಗಾಲದವರೆಗೆ ಮುಂದೂಡಿ.

ಎರಡು ಸಂಗತಿ ಉಳಿದಿವೆ. ಟ್ಯೂಬ್‌ಗಳು ಪಿಸಿಎಲ್‌ನ ಹರಳುಗಟ್ಟುವಿಕೆಗೆ ಬೀಜವಾಗಬಲ್ಲವು. ಬಲ ಏರಿದ್ದು ಟ್ಯೂಬ್ ಭಾರ ಹೊತ್ತದ್ದರಿಂದಲೋ ಅಥವಾ ಪಿಸಿಎಲ್ ಹೆಚ್ಚು ಹರಳುಗಟ್ಟಿದ್ದರಿಂದಲೋ ಎಂಬುದನ್ನು ಬೇರ್ಪಡಿಸದೆ ಪ್ರಬಂಧ ಬರೆಯಬೇಡಿ. ಮೂರೂ ಹಾಳೆಗಳ ಡಿಎಸ್‌ಸಿ (ಬಿಸಿ ಮಾಡುವಾಗ ಮಾದರಿ ಹೀರುವ ಉಷ್ಣವನ್ನು ಅಳೆಯುವ ಪರೀಕ್ಷೆ) ಮಾಡಿಸಿ, ಕರಗುವ ಉಷ್ಣವನ್ನು ಪೂರ್ಣ ಹರಳಿನ ಪಿಸಿಎಲ್‌ಗೆ ಬಳಸುವ ಪ್ರತಿ ಗ್ರಾಂಗೆ 139.5 ಜೂಲ್‌ನೊಂದಿಗೆ ಹೋಲಿಸಿ. ಟ್ಯೂಬಿನ ತೂಕವನ್ನು ಮೊದಲು ಕಳೆಯಲು ಮರೆಯಬೇಡಿ.

ಗಂಟಿನ ಊಹೆಯನ್ನು ಖಚಿತಪಡಿಸಲು ಎಸ್‌ಇಎಂ ಸಾಲದು, ಅದು ಹೊರಮೈಯನ್ನಷ್ಟೇ ನೋಡುತ್ತದೆ. ಎಳೆಯ ಒಳಗನ್ನು ತೋರುವ ಟಿಇಎಂ (ಟ್ರಾನ್ಸ್‌ಮಿಷನ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಬೇಕು. ಸಂಶೋಧನಾ ಉಪಕರಣಗಳ ರಾಷ್ಟ್ರೀಯ ಜಾಲತಾಣವಾದ ಐ-ಸ್ಟೆಮ್‌ನಲ್ಲಿ ಹುಡುಕಿದರೆ ಹೊರಗಿನವರಿಗೂ ತೆರೆದಿರುವ ಉಪಕರಣಗಳು ಸಿಗುತ್ತವೆ, ಬೆಂಗಳೂರಿನ ಐಐಎಸ್‌ಸಿಯಲ್ಲಿಯೂ (ಭಾರತೀಯ ವಿಜ್ಞಾನ ಸಂಸ್ಥೆ) ಅಂಥ ಸೌಲಭ್ಯವಿದೆ. ಹಾಳೆಯನ್ನು ಕತ್ತರಿಸಿ ಕಳಿಸುವ ಗೋಜು ಬೇಡ: ಸ್ಪಿನ್ನಿಂಗ್ ನಡೆಯುತ್ತಿರುವಾಗ ಇಂಗಾಲದ ಪೊರೆಯಿರುವ ತಾಮ್ರದ ಗ್ರಿಡ್ ಒಂದನ್ನು ಸಂಗ್ರಾಹಕ ತಟ್ಟೆಗೆ ಅಂಟಿಸಿ, ಐದಾರು ಸೆಕೆಂಡು ಮಾತ್ರ ಎಳೆಗಳು ಬೀಳಲು ಬಿಟ್ಟು ತೆಗೆಯಿರಿ. ಒಂಟಿ ಎಳೆಯೊಳಗೆ ಟ್ಯೂಬ್‌ಗಳು ಉದ್ದಕ್ಕೆ ಮಲಗಿವೆಯೋ ಮುದುಡಿವೆಯೋ ಎಂಬುದು ಅದರಲ್ಲಿ ಕಾಣುತ್ತದೆ. ಶೇ. 0.5, 1 ಮತ್ತು 2, ಮೂರಕ್ಕೂ ಒಂದೊಂದು ಗ್ರಿಡ್ ಮಾಡಿ, ಮುಚ್ಚಿದ ಡಬ್ಬಿಯಲ್ಲಿಟ್ಟು, ರಾತ್ರಿಯ ರೈಲಿನಲ್ಲೇ ಒಯ್ಯಿರಿ.